ಬೆಟ್ಟ ಇಳಿದ ಮೇಲಿನ ನೋವು, ರೂಮಿನಲ್ಲಿರುವ ಡಬ್ಬ

ಮಂಡಿಕಲ್ ಹತ್ತಿರದ ಆವಲಬೆಟ್ಟವನ್ನು ಓಡಿ ಹತ್ತಿ, ಓಡಿಯೇ ಇಳಿದರೆ ಅವತ್ತು ಸಂಜೆ ಅಷ್ಟೇನೂ ಅನಿಸಲ್ಲ. ಮಾರನೇ ದಿನ ಕ್ಲಾಸಿನ ಮೆಟ್ಟಿಲು ಇಳಿಯೋದು ಕಷ್ಟ, ಅದರ ಮಾರನೇ ದಿನ ಇನ್ನೂ ಕಷ್ಟ. ಊರಿನ ಹೆಸರಲ್ಲಿ ಮಂಡಿ ಇದ್ದರೂ ನೋಯೋದು ತೊಡೆ!

ಜಿಮ್‌ನಲ್ಲಿ ಕೇಳಿದರೆ ಲ್ಯಾಕ್ಟಿಕ್ ಆಸಿಡ್ ಅಂತಾರೆ. ಆದರೆ ವ್ಯಾಯಾಮ ನಿಲ್ಲಿಸಿದ ಸುಮಾರು ಒಂದು ಗಂಟೆಯಲ್ಲಿ ರಕ್ತದ ಲ್ಯಾಕ್ಟೇಟ್ ಮೊದಲಿನ ಮಟ್ಟಕ್ಕೆ ಇಳಿದಿರುತ್ತದೆ. ಎರಡನೇ ದಿನದ ನೋವಿಗೆ ಅದು ಹೇಗೆ ಕಾರಣವಾಗುತ್ತೆ? ನಿಜವಾದ ಕಾರಣ ಇಳಿಜಾರು. ಇಳಿಯುವಾಗ ತೊಡೆಯ ಸ್ನಾಯು ಬ್ರೇಕ್ ಥರ ಕೆಲಸ ಮಾಡುತ್ತದೆ, ಅಂದರೆ ಬಿಗಿಯಾಗಿರುವಾಗಲೇ ಉದ್ದಕ್ಕೆ ಎಳೆಸಿಕೊಳ್ಳುತ್ತದೆ. ಆಗ ಅದರ ಎಳೆಗಳಲ್ಲಿ ಸೂಕ್ಷ್ಮ ಹಾನಿಯಾಗಿ, ರಿಪೇರಿಗಾಗಿ ಉರಿಯೂತ ಶುರುವಾಗುತ್ತದೆ. ನೋವು ತುದಿಗೇರುವುದು 24ರಿಂದ 72 ಗಂಟೆಗಳ ನಡುವೆ. ಒಂದೆರಡು ವಾರ ಬಿಟ್ಟು ಅದೇ ಇಳಿಜಾರನ್ನು ಮತ್ತೆ ಇಳಿದರೆ ನೋವು ತುಂಬಾ ಕಡಿಮೆ. ಸ್ನಾಯು ಕಲಿತುಬಿಟ್ಟಿರುತ್ತೆ.

ರಿಪೇರಿಗೆ ಬೇಕಾದ ಸಾಮಾನು ಪ್ರೋಟೀನ್. ಜೋರಾಗಿ ವ್ಯಾಯಾಮ ಮಾಡುವವರಿಗೆ ದಿನಕ್ಕೆ ಕೆಜಿ ತೂಕಕ್ಕೆ ಸುಮಾರು 1.6 ಗ್ರಾಂ ಸಾಕು ಅಂತ ಸಂಶೋಧನೆಗಳು ಹೇಳುತ್ತವೆ. 60 ಕೆಜಿ ಇದ್ದವರಿಗೆ 96 ಗ್ರಾಂ. ಚಿಕ್ಕಬಳ್ಳಾಪುರ ಕಡೆಯ ಊಟದಲ್ಲೇ ಲೆಕ್ಕ ಹಾಕೋಣ. 200 ಗ್ರಾಂ ರಾಗಿ ಹಿಟ್ಟಿನ ಮುದ್ದೆಯಲ್ಲಿ ಸುಮಾರು 14 ಗ್ರಾಂ, ಸಾರಿಗೆ ಹಾಕಿದ 50 ಗ್ರಾಂ ಹುರುಳಿಯಲ್ಲಿ 11, ಅರ್ಧ ಲೀಟರ್ ಹಾಲಲ್ಲಿ 16, ಮೂರು ಮೊಟ್ಟೆಯಲ್ಲಿ 18, ಒಂದು ದೊಡ್ಡ ಹಿಡಿ ಕಡಲೆಕಾಯಿ ಬೀಜದಲ್ಲಿ 12. ಅಲ್ಲಿಗೆ 71 ಆಯ್ತು, ಉಳಿದದ್ದು ಅನ್ನ, ಬೇಳೆ, ಮೊಸರಿನಿಂದ ಬರುತ್ತೆ. ರಾಗಿಯಲ್ಲಿ ಕಡಿಮೆ ಇರುವ ಲೈಸಿನ್ ಹುರುಳಿಯಲ್ಲಿ ಚೆನ್ನಾಗಿದೆ, ಹಾಗಾಗಿ ಮುದ್ದೆ ಜೊತೆ ಹುರುಳಿ ಸಾರು ಒಳ್ಳೆ ಜೋಡಿ. ಸಮಸ್ಯೆ ಇರೋದು ಬೇಳೆಯನ್ನು ಹುಡುಕಬೇಕಾದ ಹಾಸ್ಟೆಲ್ ಸಾಂಬಾರಲ್ಲಿ.

ಅಲ್ಲಿ ವೇ ಪುಡಿ ಉಪಯೋಗಕ್ಕೆ ಬರಬಹುದು. ಅದು ಔಷಧಿ ಏನಲ್ಲ, ಹಾಲಿನಿಂದ ಚೀಸ್ ಮಾಡುವಾಗ ಉಳಿಯುವ ನೀರಿನ ಪ್ರೋಟೀನ್, ಅಷ್ಟೇ. ಅರ್ಧ ಗಂಟೆಯೊಳಗೆ ಕುಡಿಯಲೇಬೇಕು ಅಂತಲೂ ಇಲ್ಲ, ಸ್ನಾಯು ಕಟ್ಟುವ ಕೆಲಸ ಒಂದು ದಿನವಾದರೂ ನಡೆಯುತ್ತೆ. ಕ್ರಿಯಾಟಿನ್ ದಿನಕ್ಕೆ 3ರಿಂದ 5 ಗ್ರಾಂ ತಗೊಂಡರೆ ಶಕ್ತಿ ಹೆಚ್ಚುವುದು ನಿಜ. ಊಟದಲ್ಲಿ ಪ್ರೋಟೀನ್ ಸಾಕಷ್ಟಿದ್ದರೆ ಬಿಸಿಎಎ ಮಾತ್ರ ದಂಡ ಅಂತ ನಮ್ಮ ಅಭಿಪ್ರಾಯ.

ಇದೆಲ್ಲಕ್ಕಿಂತ ದೊಡ್ಡ ಪ್ರಶ್ನೆ ಡಬ್ಬದೊಳಗೆ ಬೇರೆ ಏನಿದೆ ಅನ್ನೋದು. ಕುಂದಾಪುರ ಕಡೆಯ ಅಶ್ವಿನಿ ಅಕ್ಕುಂಜಿ 2010ರ ಗುವಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ 400 ಮೀಟರ್ ಹರ್ಡಲ್ಸ್ ಮತ್ತು ರಿಲೇ ಎರಡರಲ್ಲೂ ಚಿನ್ನ ಗೆದ್ದವರು. 2011ರ ಪರೀಕ್ಷೆಯಲ್ಲಿ ಅನಬಾಲಿಕ್ ಸ್ಟೀರಾಯ್ಡ್ ಸಿಕ್ಕಿತು. ಕೋಚ್ ಕೊಟ್ಟ ಜಿನ್ಸೆಂಗ್ ಪೂರಕದಿಂದ ಅದು ಬಂತು ಅಂತ ಅವರು, ಜೊತೆಯ ಓಟಗಾರ್ತಿಯರು ವಾದಿಸಿದರು. ನಾಡಾ ಸಮಿತಿ ಒಂದು ವರ್ಷ ನಿಷೇಧಿಸಿತು, 2012ರಲ್ಲಿ ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿ ಅದನ್ನು ಎರಡು ವರ್ಷಕ್ಕೆ ಏರಿಸಿತು. ಯಾರೇ ಕೊಟ್ಟಿರಲಿ, ದೇಹದಲ್ಲಿ ಸಿಕ್ಕಿದ್ದಕ್ಕೆ ಆಟಗಾರರೇ ಹೊಣೆ, ನಿಯಮ ಇರೋದೇ ಹಾಗೆ. ಯೂನಿವರ್ಸಿಟಿ ಮಟ್ಟದಲ್ಲಿ ಆಡುವ ನಮ್ಮ ಕಾಲೇಜಿನವರೂ ಇದನ್ನು ತಿಳಿದಿರಬೇಕು. ಡಬ್ಬದ ಮೇಲಿನ 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರ್ ತಯಾರಕರಿಗೆ ಲೈಸೆನ್ಸ್ ಇದೆ ಅಂತ ಮಾತ್ರ ಹೇಳುತ್ತೆ. ಒಳಗಿನ ಪುಡಿಯಲ್ಲಿ ನಿಷೇಧಿತ ಪದಾರ್ಥ ಹುಡುಕಿದ್ದಾರಾ ಅಂತ ತಿಳಿಯಲು, ಪ್ರತಿ ಬ್ಯಾಚ್ ಪರೀಕ್ಷಿಸುವ ಇನ್‌ಫಾರ್ಮ್ಡ್ ಸ್ಪೋರ್ಟ್‌ನಂಥ ಗುರುತು ನೋಡಿ, ಬ್ಯಾಚ್ ನಂಬರನ್ನು ಅವರ ಪಟ್ಟಿಯಲ್ಲಿ ಹೋಲಿಸಿ ನೋಡಬೇಕು.