ಬೆಂಗಳೂರಿನ ಕಾರ್ಡು, ಗೋರೆಗಾಂವಿನ ಗೇಟು

ಬೆಂಗಳೂರಿಂದ ಮುಂಬೈನ ಗೋರೆಗಾಂವಿನ ನೆಂಟರ ಮನೆಗೆ ಬಂದಿದ್ದೀರಾ? ಮೆಟ್ರೊ ಟಿಕೆಟ್ಟಿಗೆ ಕ್ಯೂ ನಿಲ್ಲೋ ಮೊದಲು ಪರ್ಸ್ ನೋಡ್ಕೊಳ್ಳಿ. ಕಾರ್ಡ್ ಮೇಲೆ ರುಪೇ ಗುರುತಿದ್ದು, ಅದು ಎನ್‌ಸಿಎಂಸಿ (ನ್ಯಾಷನಲ್ ಕಾಮನ್ ಮೊಬಿಲಿಟಿ ಕಾರ್ಡ್) ಕಾರ್ಡೇ ಆಗಿದ್ದರೆ, ಗೋರೆಗಾಂವ್ ಪೂರ್ವದ 7ನೇ ಲೈನಲ್ಲೂ ಪಶ್ಚಿಮದ 2ಎ ಲೈನಲ್ಲೂ ಅದೇ ನಡೆಯುತ್ತೆ. ನಮ್ಮ ಮೆಟ್ರೊದ ಹಳೇ ಸ್ಮಾರ್ಟ್ ಕಾರ್ಡ್ ಆದರೆ ನಡೆಯಲ್ಲ.

ಜನ ಎಡವೋದು ಇಲ್ಲೇ: ಫೋನಲ್ಲಿ ರೀಚಾರ್ಜ್ ಮಾಡಿದ ದುಡ್ಡು ತಾನಾಗಿ ಚಿಪ್ಪಿಗೆ ಇಳಿಯಲ್ಲ. ಗೇಟು ಓದೋದು ಚಿಪ್ಪನ್ನ, ಬ್ಯಾಂಕ್ ಖಾತೆಯನ್ನಲ್ಲ. ಸ್ಟೇಷನ್ ಕೌಂಟರಲ್ಲಿ ಕಾರ್ಡ್ ಕೊಟ್ಟು ಬ್ಯಾಲೆನ್ಸ್ ಅಪ್‌ಡೇಟ್ ಮಾಡಿಸಿ. ಇಲ್ಲಾಂದ್ರೆ ಜಪ್ಪಯ್ಯ ಅಂದ್ರೂ ಗೇಟು ತೆರೆಯಲ್ಲ!

ಲೋಕಲ್ ಟ್ರೇನಿಗಂತೂ ಬೇರೆ ಟಿಕೆಟ್ ತಗೊಳ್ಳಿ.

ಗೇಟಲ್ಲಿ ಪಿನ್ ಕೇಳಲ್ಲ, ಕಾರ್ಡ್ ಬಿದ್ದರೆ ಸಿಕ್ಕವರೇ ಪ್ರಯಾಣಿಕರು. ಹಾಗಾಗಿ ಓಡಾಟಕ್ಕೆ ಬೇಕಾದಷ್ಟೇ ತುಂಬಿಸಿ.