ಆಕಾಶದ ಚಿತ್ರಕ್ಕೂ ಚಕ್ಕುಬಂದಿ ಬೇಕು

ಮುಗಿಲಿನಲ್ಲಿ ಹೊಳೆಯುವ ತಟ್ಟೆಯಂಥ ವಸ್ತುವಿನ ಚಿತ್ರವೊಂದು ಮೊಬೈಲಿನಿಂದ ಮೊಬೈಲಿಗೆ ಹರಿದು ಬಂದಾಗ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ಇದು ಅಸಲಿಯೋ, ನಕಲಿಯೋ? ಪ್ರಶ್ನೆ ಸಹಜವಾದದ್ದೇ. ಆದರೆ ಅದರೊಳಗೆ ಎರಡು ಪ್ರಶ್ನೆಗಳು ಬೆರೆತುಹೋಗಿವೆ. ಚಿತ್ರವನ್ನು ಯಾರಾದರೂ ತಿದ್ದಿದ್ದಾರೆಯೇ ಎಂಬುದು ಒಂದು. ಚಿತ್ರದ ಜೊತೆಗೆ ಬಂದ ಹೇಳಿಕೆ ನಿಜವೇ ಎಂಬುದು ಇನ್ನೊಂದು. ಸಂಜೆಯ ಶುಕ್ರಗ್ರಹದ ಚಿತ್ರ ತೆಗೆದು ಹಾರುವ ತಟ್ಟೆ ಎಂದು ಹೆಸರಿಟ್ಟರೆ ಚಿತ್ರ ಅಪ್ಪಟ, ಹೇಳಿಕೆ ಹುಸಿ.

ಇದು ಕೇವಲ ತರ್ಕದ ಮಾತಲ್ಲ. 2012ರ ಆಗಸ್ಟ್‌ನಿಂದ 2013ರ ಫೆಬ್ರವರಿಯವರೆಗೆ ಲಡಾಖ್ ಗಡಿಯಲ್ಲಿ ನಮ್ಮ ಸೈನಿಕರು ಆಗಸದಲ್ಲಿ ಸಂಚರಿಸುವ ಬೆಳಕುಗಳನ್ನು ನೂರಾರು ಬಾರಿ ದಾಖಲಿಸಿದರು. ಚೀನಾದ ಡ್ರೋನ್‌ಗಳಿರಬಹುದು ಎಂಬ ಶಂಕೆ ಮೂಡಿತು. ಕಡೆಗೆ ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ಖಗೋಳತಜ್ಞರ ನೆರವು ಪಡೆಯಲಾಯಿತು. ನಕ್ಷತ್ರಗಳ ಹಿನ್ನೆಲೆಯಲ್ಲಿ ಆ ಬೆಳಕುಗಳ ಚಲನೆಯನ್ನು ಅಳೆದ ಅವರು ನೀಡಿದ ಉತ್ತರ ಸರಳವಾಗಿತ್ತು: ಒಂದು ಗುರು, ಇನ್ನೊಂದು ಶುಕ್ರ. ಸೈನಿಕರು ಸುಳ್ಳು ಹೇಳಿರಲಿಲ್ಲ, ಯಾರೂ ಏನನ್ನೂ ತಿದ್ದಿರಲಿಲ್ಲ. ಕೊರತೆಯಿದ್ದುದು ಅಳತೆಯಲ್ಲಿ ಮಾತ್ರ.

ಹಾಸನದ ಜನರಿಗೆ ಆಕಾಶದ ವಸ್ತುಗಳ ಲೆಕ್ಕಾಚಾರ ಹೊಸದೇನೂ ಅಲ್ಲ. ಇಸ್ರೊದ ಪ್ರಧಾನ ನಿಯಂತ್ರಣ ಕೇಂದ್ರ 1982ರಿಂದ ಅಲ್ಲಿದೆ. ಸುಮಾರು 36 ಸಾವಿರ ಕಿ.ಮೀ. ಎತ್ತರದ ಇನ್‌ಸ್ಯಾಟ್ ಉಪಗ್ರಹಗಳನ್ನು ಅಲ್ಲಿಂದಲೇ ನಡೆಸಿಕೊಂಡು ಬರಲಾಗಿದೆ. ಆ ಉಪಗ್ರಹಗಳು ಬರಿಗಣ್ಣಿಗೆ ಕಾಣುವುದಿಲ್ಲ. 2019ರ ಮೇ ತಿಂಗಳಿನಿಂದ ಹಾರಲಾರಂಭಿಸಿದ ಸ್ಟಾರ್‌ಲಿಂಕ್ ಉಪಗ್ರಹಗಳಾದರೋ ಉಡಾವಣೆಯಾದ ಹೊಸತರಲ್ಲಿ ದೀಪದ ಸಾಲಿನಂತೆ ಕಾಣುತ್ತವೆ. ಅವನ್ನು ಕಂಡು ಬೆರಗಾಗಿ ಚಿತ್ರ ತೆಗೆದವರು ನಮ್ಮ ರಾಜ್ಯದಲ್ಲೂ ಇದ್ದಾರೆ.

ಜಿಲ್ಲೆಯ ಭೂಪಟವನ್ನೊಮ್ಮೆ ತೆರೆದು ನೋಡಿ. ಹಾಸನದ ಪೂರ್ವಕ್ಕೆ ಚನ್ನರಾಯಪಟ್ಟಣ, ಆಗ್ನೇಯಕ್ಕೆ ಹೊಳೆನರಸೀಪುರ, ದಕ್ಷಿಣಕ್ಕೆ ಅರಕಲಗೂಡು. ನೇರ ಗೆರೆ ಎಳೆದರೆ ಮೂರೂ ಹಾಸನದಿಂದ ಸರಿಸುಮಾರು 30 ಕಿ.ಮೀ. ದೂರದಲ್ಲಿವೆ. ಹಾಸನದ ನೆತ್ತಿಯ ಮೇಲೆ 10 ಕಿ.ಮೀ. ಎತ್ತರದಲ್ಲಿ ದೊಡ್ಡದೊಂದು ಹೊಳೆಯುವ ವಸ್ತು ನಿಂತಿದೆ ಎಂದು ಭಾವಿಸೋಣ. ಆಗ ಚನ್ನರಾಯಪಟ್ಟಣದವರು ಅದನ್ನು ಪಶ್ಚಿಮದಲ್ಲಿ ಕಾಣಬೇಕು, ಹೊಳೆನರಸೀಪುರದವರು ವಾಯವ್ಯದಲ್ಲಿ, ಅರಕಲಗೂಡಿನವರು ಉತ್ತರದಲ್ಲಿ. ಮೂರೂ ಕಡೆ ಅದು ದಿಗಂತದಿಂದ ಸುಮಾರು 18 ಡಿಗ್ರಿ ಮೇಲಿರಬೇಕು. ಚಾಚಿದ ಕೈಯ ಮುಷ್ಟಿ 10 ಡಿಗ್ರಿಯಷ್ಟು ಅಗಲವೆಂದು ಹಿಡಿದರೆ ಎರಡು ಮುಷ್ಟಿಗೆ ತುಸು ಕಡಿಮೆ. ಬದಲಾಗಿ ನಾಲ್ಕೂ ಪಟ್ಟಣಗಳವರು ಒಂದೇ ದಿಕ್ಕಿಗೆ, ಒಂದೇ ಎತ್ತರಕ್ಕೆ ಬೆರಳು ತೋರಿಸಿದರೆ ಅದು ಬಹುದೂರದ ವಸ್ತು; ಗ್ರಹವೋ ನಕ್ಷತ್ರವೋ ಆಗಿರುವ ಸಾಧ್ಯತೆಯೇ ಹೆಚ್ಚು. ಹಾಸನದವರಿಗಷ್ಟೇ ಕಂಡಿದ್ದರೆ ಅದು ಕೆಳಗೆ ತೇಲಿಹೋದ ಬಲೂನು, ಡ್ರೋನ್ ಅಥವಾ ಕಾಗದದ ಆಕಾಶದೀಪ ಆಗಿರಬಹುದು. ಇದಕ್ಕೆ ದೂರದರ್ಶಕವೂ ಬೇಡ, ತಜ್ಞರೂ ಬೇಡ. 1800ರಲ್ಲಿ ಬೆಂಗಳೂರಿನ ಬಳಿ ಆಧಾರರೇಖೆ ಅಳೆದ ಲ್ಯಾಂಬ್ಟನ್ ಸಾಹೇಬರ ತ್ರಿಕೋನ ಮಾಪನಕ್ಕೂ ಇದಕ್ಕೂ ತತ್ತ್ವ ಒಂದೇ.

ಒಂದೇ ಸ್ಥಳದಿಂದ ತೆಗೆದ ಒಂದೇ ಚಿತ್ರದಿಂದ ಈ ಕೆಲಸ ಆಗದು. ಹತ್ತು ಮೀಟರ್ ದೂರದಲ್ಲಿ ದಾರಕ್ಕೆ ತೂಗಿಬಿಟ್ಟ ತಟ್ಟೆಯೂ ಒಂದು ಕಿ.ಮೀ. ದೂರದಲ್ಲಿರುವ, ಅದಕ್ಕಿಂತ ನೂರು ಪಟ್ಟು ದೊಡ್ಡದಾದ ವಾಹನವೂ ಚಿತ್ರದಲ್ಲಿ ಒಂದೇ ಗಾತ್ರಕ್ಕೆ ಕಾಣುತ್ತವೆ. ಕಂದಾಯ ಇಲಾಖೆಯ ಕಾಗದಪತ್ರ ನೋಡಿದವರಿಗೆ ಇದು ಬೇಗ ಅರ್ಥವಾದೀತು. ಚಕ್ಕುಬಂದಿಯಿಲ್ಲದ ಕ್ರಯಪತ್ರವನ್ನು ಯಾರೂ ಒಪ್ಪುವುದಿಲ್ಲ; ದಿನಾಂಕ, ಸ್ಥಳ, ಪಂಚರ ಸಹಿ ಇಲ್ಲದ ಮಹಜರಿಗೆ ಬೆಲೆಯಿಲ್ಲ. ಆಕಾಶದ ಚಿತ್ರವನ್ನು ಮಾತ್ರ ತೆಗೆದವರಾರು, ಎಲ್ಲಿ ನಿಂತು, ಯಾವ ದಿಕ್ಕಿಗೆ, ಎಷ್ಟು ಗಂಟೆಗೆ ಎಂದು ಕೇಳದೆಯೇ ನಂಬುತ್ತೇವೆ, ಇಲ್ಲವೇ ನಗುತ್ತೇವೆ. ನಾಸಾ ನೇಮಿಸಿದ್ದ ಸ್ವತಂತ್ರ ಅಧ್ಯಯನ ತಂಡವೂ 2023ರ ಸೆಪ್ಟೆಂಬರ್‌ನಲ್ಲಿ ಕೊಟ್ಟ ವರದಿಯಲ್ಲಿ ಇಂಥ ಪೂರಕ ಮಾಹಿತಿಯ ಕೊರತೆಯನ್ನೇ ಎತ್ತಿ ಹೇಳಿತು.

ಹಾರುವ ತಟ್ಟೆ ಎಂಬ ಹೆಸರು ಬಂದದ್ದೂ ಒಂದು ಸ್ವಾರಸ್ಯ. 1947ರ ಜೂನ್‌ನಲ್ಲಿ ಅಮೆರಿಕದ ವೈಮಾನಿಕ ಕೆನೆತ್ ಆರ್ನಾಲ್ಡ್ ತಾನು ಕಂಡ ವಸ್ತುಗಳು ನೀರಿನ ಮೇಲೆ ಎಸೆದ ತಟ್ಟೆಯಂತೆ ಪುಟಿಯುತ್ತ ಸಾಗಿದವು ಎಂದು ಹೇಳಿದ್ದ. ಅವನು ಹೇಳಿದ್ದು ಚಲನೆಯ ಬಗ್ಗೆ. ಪತ್ರಿಕೆಗಳು ಅದನ್ನು ಆಕಾರವೆಂದು ಅಚ್ಚು ಹಾಕಿದವು. ಆಮೇಲೆ ಬಂದ ಚಿತ್ರಗಳಲ್ಲಿ ತಟ್ಟೆಗಳೇ ತುಂಬಿಕೊಂಡವು!

ತಜ್ಞರ ಪರೀಕ್ಷೆಗೂ ಮಿತಿಯಿದೆ. ಬೆಲ್ಜಿಯಂನ ಪೆಟಿ ರೆಶೆಂನಲ್ಲಿ 1990ರಲ್ಲಿ ತೆಗೆದ ಕಪ್ಪು ತ್ರಿಕೋನದ ಚಿತ್ರವನ್ನು ಅನೇಕರು ಪರೀಕ್ಷಿಸಿದರು. ಮೋಸದ ಕುರುಹು ಸಿಗಲಿಲ್ಲವೆಂದು ಅದು ಇಪ್ಪತ್ತು ವರ್ಷ ಪ್ರಬಲ ಸಾಕ್ಷ್ಯವಾಗಿ ಮೆರೆಯಿತು. 2011ರಲ್ಲಿ ಚಿತ್ರ ತೆಗೆದಾತನೇ, ಅದು ಬಣ್ಣ ಬಳಿದು ದೀಪ ಸಿಕ್ಕಿಸಿದ ಥರ್ಮೊಕೋಲಿನಂಥ ಹಾಳೆ ಎಂದು ಒಪ್ಪಿಕೊಂಡ. ಫಿಲ್ಮಿನಲ್ಲಿ ತಿದ್ದುಪಡಿ ಇರಲಿಲ್ಲ, ಹಾಗಾಗಿ ತಿದ್ದುಪಡಿ ಹುಡುಕಿದವರಿಗೆ ಏನೂ ಸಿಗಲಿಲ್ಲ.

ಅಂದು ನಕಲಿಗೆ ಅಷ್ಟಾದರೂ ಶ್ರಮ ಬೇಕಿತ್ತು. ಈಗ ಕೃತಕ ಬುದ್ಧಿಮತ್ತೆಯ ತಂತ್ರಾಂಶಕ್ಕೆ ಎರಡು ಸಾಲು ಬರೆದರೆ ಹಾಸನದ ಮೇಲೆ ಹತ್ತು ತಟ್ಟೆಗಳನ್ನು ಹಾರಿಸಬಹುದು. ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಇಲ್ಲಿ ಗ್ರೆಷಾಮನ ನಿಯಮ ನೆನಪಾಗುತ್ತದೆ: ಕೆಟ್ಟ ನಾಣ್ಯ ಒಳ್ಳೆಯ ನಾಣ್ಯವನ್ನು ಚಲಾವಣೆಯಿಂದ ಓಡಿಸುತ್ತದೆ. ನಕಲಿಯ ವೆಚ್ಚ ಶೂನ್ಯಕ್ಕೆ ಇಳಿದಾಗ ಅಸಲಿ ಚಿತ್ರಕ್ಕೂ ಬೆಲೆ ಸಿಗುವುದಿಲ್ಲ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮು ವಿದ್ಯುನ್ಮಾನ ದಾಖಲೆಗೆ ಹ್ಯಾಶ್ ಮೌಲ್ಯ ನಮೂದಿಸಿದ ಪ್ರಮಾಣಪತ್ರ ಕೇಳುತ್ತದೆ. ಇದು ಒಳ್ಳೆಯ ಕ್ರಮ. ಆದರೆ ಆ ಹ್ಯಾಶ್, ಪ್ರಮಾಣೀಕರಿಸಿದ ಬಳಿಕ ಕಡತ ಬದಲಾಗಿಲ್ಲ ಎಂದಷ್ಟೇ ತಿಳಿಸೀತು. ಕ್ಯಾಮೆರಾದ ಮುಂದೆ ಇದ್ದದ್ದು ಏನೆಂದು ತಿಳಿಸದು.

ತಟ್ಟೆಯ ಚಿತ್ರ ನಂಬಿ ಮೋಸಹೋದರೆ ಯಾರಿಗೂ ಅಷ್ಟೇನೂ ನಷ್ಟವಿಲ್ಲ, ನಿಜ. ಆದರೆ ನಮ್ಮ ಆಡಳಿತ ಅದೇ ಬಗೆಯ ಚಿತ್ರದ ಮೇಲೆ ಹಣ ಬಟವಾಡೆ ಮಾಡತೊಡಗಿತು. ಉದ್ಯೋಗ ಖಾತರಿ ಯೋಜನೆಯ ಕಾಮಗಾರಿಗಳಲ್ಲಿ ಕೂಲಿಕಾರರ ಚಿತ್ರವನ್ನು ದಿನಕ್ಕೆರಡು ಬಾರಿ ಸ್ಥಳದ ಗುರುತಿನ ಸಹಿತ ಮೊಬೈಲಿನಲ್ಲಿ ಸೆರೆಹಿಡಿದು ಕಳಿಸುವುದನ್ನು 2023ರ ಜನವರಿ 1ರಿಂದ ಕಡ್ಡಾಯಗೊಳಿಸಲಾಯಿತು. 2025ರ ಜುಲೈನಲ್ಲಿ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ ಹೊರಡಿಸಿದ ಸುತ್ತೋಲೆ ಏನು ಹೇಳಿತು? ಚಿತ್ರವನ್ನೇ ಚಿತ್ರ ತೆಗೆದು ಕಳಿಸುವುದು, ಕಾಮಗಾರಿಗೆ ಸಂಬಂಧವೇ ಇಲ್ಲದ ಚಿತ್ರ ಏರಿಸುವುದು, ಒಬ್ಬರೇ ಹಲವು ಹಾಜರಿ ಪಟ್ಟಿಗಳಲ್ಲಿ ಕಾಣಿಸಿಕೊಳ್ಳುವುದು ಬೆಳಕಿಗೆ ಬಂದಿದೆ ಎಂದಿತು. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಚಿತ್ರಗಳನ್ನು ನೂರಕ್ಕೆ ನೂರು ಪರಿಶೀಲಿಸಲು ಆದೇಶಿಸಿತು. ಅಂದರೆ ಚಿತ್ರ ನೋಡಲು ಮತ್ತೆ ಮನುಷ್ಯರೇ ಬೇಕಾದರು. ಇತ್ತ ಸಂಪರ್ಕ ಜಾಲ ಸಿಗದ ಕಡೆಗಳಲ್ಲಿ ದಿನವಿಡೀ ಮಣ್ಣು ಹೊತ್ತವರು, ಚಿತ್ರ ಮೇಲೇರದ ಒಂದೇ ಕಾರಣಕ್ಕೆ ಆ ದಿನದ ಕೂಲಿ ಕಳೆದುಕೊಂಡರು.