ಮಳೆಗಾಲದಲ್ಲಿ ಬೀಚಿನ ಮರಳು ಎಲ್ಲಿಗೆ ಹೋಗುತ್ತದೆ?

ಜುಲೈನಲ್ಲಿ ಪಡುಬಿದ್ರಿಗೋ ಹೊನ್ನಾವರದ ಕಾಸರಕೋಡಿಗೋ ಹೋದವರಿಗೆ ಬೀಚ್ ಕಿರಿದಾದಂತೆ ಕಾಣುತ್ತದೆ. ಮರಳು ಬಹುದೂರವೇನೂ ಹೋಗಿರುವುದಿಲ್ಲ. ಮುಂಗಾರಿನ ಅಲೆಗಳು ಬೆನ್ನುಬೆನ್ನಿಗೆ ಬಂದು ದಂಡೆಯನ್ನು ಕೆರೆದು, ಆ ಮರಳನ್ನು ತುಸು ಆಚೆ ನೀರೊಳಗೆ ದಿಬ್ಬವಾಗಿ ಪೇರಿಸುತ್ತವೆ. ಹಿಂದೆ ಬರುವ ಅಲೆಗಳು ಆ ದಿಬ್ಬದ ಮೇಲೇ ಒಡೆದು, ದಡ ಮುಟ್ಟುವಷ್ಟರಲ್ಲಿ ಸೊರಗುತ್ತವೆ. ಮಳೆ ನಿಂತ ಮೇಲೆ ಸಾವಧಾನದ ಅಲೆಗಳು ಅದೇ ಮರಳನ್ನು ಕಂತುಕಂತಾಗಿ ಮರಳಿ ತಂದು ಸುರಿಯುತ್ತವೆ. ಡಿಸೆಂಬರಿನ ಪ್ರವಾಸಿ ಫೋಟೊ ತೆಗೆಯುವ ಅಗಲ ದಂಡೆ ಹೀಗೆ ಪ್ರತಿವರ್ಷ ಹೊಸದಾಗಿ ಕಟ್ಟಿದ್ದು.

ಈ ಓಡಾಟಕ್ಕೆ ಜಾಗ ಬೇಕು. ಆದರೆ ರೆಸಾರ್ಟಿನ ರೂಮಿನಿಂದ ಕಡಲು ಕಾಣಲೆಂದು ನಾವು ದಂಡೆಯ ಹಿಂದಿನ ಮರಳಗುಡ್ಡೆಯನ್ನೇ ಸಮ ಮಾಡುತ್ತೇವೆ. ಕಡಲು ಅಂಗಳಕ್ಕೆ ಬಂದಾಗ ಕಲ್ಲಿನ ತಡೆಗೋಡೆ ಬೇಕೆನ್ನುತ್ತೇವೆ. ಗೋಡೆ ಹಿಂದಿನ ಕಟ್ಟಡವನ್ನು ಉಳಿಸೀತು, ಮುಂದಿನ ಬೀಚನ್ನಲ್ಲ. ಬಡಿದು ಹಿಮ್ಮೆಟ್ಟುವ ಅಲೆ ಗೋಡೆಯ ಬುಡದ ಮರಳನ್ನು ಕಿತ್ತೊಯ್ಯುತ್ತದೆ. ಗೋಡೆ ಮುಗಿದಲ್ಲಿಂದ ಪಕ್ಕದವರ ಜಾಗದಲ್ಲಿ ಕೊರೆತ ಶುರು. ಕೊನೆಗೆ ಬೀಚ್ ರೆಸಾರ್ಟಿಗೆ ಬೀಚೇ ಇಲ್ಲ.

ಗುಡ್ಡೆಯನ್ನು ಪುಕ್ಕಟೆ ಕಾಯುವುದು ರಾವಣನ ಮೀಸೆ ಹುಲ್ಲು, ಅಡಂಬು ಬಳ್ಳಿ. ಗಾಳಿಗೆ ಹಾರುವ ಮರಳು ಇವುಗಳ ಎಲೆಗೆ ತಡೆದು ಬೀಳುತ್ತದೆ. ಹೂತುಹೋದ ಕಾಂಡ ಅಲ್ಲೇ ಬೇರುಬಿಟ್ಟು ಮೇಲೇಳುತ್ತದೆ. ಗುಡ್ಡೆಯೂ ಅದರ ಜತೆ ಬೆಳೆಯುತ್ತದೆ. ಕಳೆಯೆಂದು ಇವನ್ನು ಕಿತ್ತು ಲಾನ್ ಹಾಸುವವರನ್ನು ಏನೆನ್ನಬೇಕೋ! ಜನ ತುಳಿಯದಂತೆ ಗುಡ್ಡೆಯ ಮೇಲೆ ಎತ್ತರಿಸಿದ ಮರದ ಕಾಲುದಾರಿ ಹಾಕಿದರೆ ಸಾಕು. ಕಾಸರಕೋಡಿನ ಸುತ್ತ ಕಡಲಾಮೆಗಳು ಮೊಟ್ಟೆಯಿಡುವುದರಿಂದ ಆ ಋತುವಿನಲ್ಲಿ ಕಡಲ ಕಡೆಯ ದೀಪ ಆರಿಸಬೇಕು. ಮರಿಗಳು ಬೆಳಕು ನಂಬಿ ದಾರಿ ತಪ್ಪುತ್ತವೆ.

ಬೀಚಿಗೆ ಬರುವ ಹೊಸ ಮರಳಿನ ಒಂದು ಮೂಲ ನದಿ. ಲಿಂಗನಮಕ್ಕಿಯಂಥ ಅಣೆಕಟ್ಟೆಯ ಹಿಂದೆ ಒಂದು ಪಾಲು ಕೂತುಬಿಡುತ್ತದೆ, ಅಳಿವೆಯಲ್ಲಿ ಮರಳೆತ್ತಿದರೆ ಇನ್ನೊಂದು ಪಾಲು ಲಾರಿ ಹತ್ತುತ್ತದೆ.

2020ರಲ್ಲಿ ಕಾಸರಕೋಡು, ಪಡುಬಿದ್ರಿ ಎರಡಕ್ಕೂ ಬೀಚುಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು. ನೀರಿನ ಶುದ್ಧತೆ, ಸುರಕ್ಷತೆ, ಶೌಚಾಲಯ ಮುಂತಾಗಿ 33 ಮಾನದಂಡ. ಒಳ್ಳೆಯದೇ, ಆದರೆ ಬಾವುಟ ಮರಳನ್ನು ಹಿಡಿದಿಡುವುದಿಲ್ಲ. ಅದಕ್ಕೆ ಕಡಲಿಗೂ ಕಟ್ಟಡಕ್ಕೂ ನಡುವೆ ಅಂತರವೇ ಬೇಕು. 2019ರ ಕರಾವಳಿ ನಿಯಂತ್ರಣ ವಲಯ (ಸಿಆರ್‌ಝಡ್) ಅಧಿಸೂಚನೆಯ ಪ್ರಕಾರ, ಚದರ ಕಿ.ಮೀ.ಗೆ 2161ಕ್ಕಿಂತ ಹೆಚ್ಚು ಜನರಿರುವ ಗ್ರಾಮೀಣ ಕರಾವಳಿಯಲ್ಲಿ ಉಬ್ಬರದ ಗೆರೆಯಿಂದ 50 ಮೀಟರ್, ಉಳಿದ ಗ್ರಾಮೀಣ ಭಾಗದಲ್ಲಿ 200 ಮೀಟರ್ ಒಳಗೆ ಹೊಸ ಕಟ್ಟಡಕ್ಕೆ ಸಾಮಾನ್ಯವಾಗಿ ಅವಕಾಶವಿಲ್ಲ. ಶ್ಯಾಕ್, ಶೌಚಾಲಯದಂಥ ತಾತ್ಕಾಲಿಕ ಸೌಲಭ್ಯಗಳಿಗೆ ಮಾತ್ರ 10 ಮೀಟರ್ ಬಿಟ್ಟರಾಯಿತು. ನನ್ನ ಲೆಕ್ಕದಲ್ಲಿ ಈ 10 ಮೀಟರಿನ ರಿಯಾಯಿತಿ ತೀರಾ ಧಾರಾಳ. ಮೇ ಕೊನೆಗೆ ಬಿಚ್ಚಿ ಅಕ್ಟೋಬರಿನಲ್ಲಿ ಮತ್ತೆ ಕಟ್ಟುವ ಬಿದಿರಿನ ಶ್ಯಾಕ್ ಆದರೆ ಸರಿ. ಕಾಂಕ್ರೀಟ್ ಪಾಯ ಹಾಕಿ ಮೇಲೆ ಮಡಲು ಹೊದಿಸಿದ್ದಲ್ಲ.

ಹೋಮ್‌ಸ್ಟೇಗೆ ಜಾಗ ನೋಡುವವರು ನಕ್ಷೆಯ ಜತೆಗೆ ಪಕ್ಕದ ಮೀನುಗಾರರನ್ನೂ ವಿಚಾರಿಸಿ: ಮಳೆಗಾಲದ ಆಟಿ ತಿಂಗಳಲ್ಲಿ ದೋಣಿಯನ್ನು ಎಲ್ಲಿಯವರೆಗೆ ಎಳೆದಿಡುತ್ತೀರಿ? ಕಾನೂನು ಹೇಳುವ ಅಂತರ ಎಷ್ಟೇ ಇರಲಿ, ನಿಮ್ಮ ಪಾಯ ಆ ದೋಣಿಗಿಂತ ಹಿಂದಿರಲಿ.